ಸ್ಟಾರ್ಮ್ ಕಂಟ್ರೋಲ್: ಪರ್ಸೆಂಟ್ ಕೇಳುವ ಮೊದಲು ಎಣಿಸಿ ನೋಡಿ

ಪ್ರಶ್ನೆ: ನಮ್ಮ ಕಾಲೇಜಿನ ಲ್ಯಾಬ್‌ನಲ್ಲಿ ಯಾರೋ ಮೇಜಿನ ಕೆಳಗಿನ ಚಿಕ್ಕ ಸ್ವಿಚ್‌ಗೆ ಒಂದೇ ಕೇಬಲ್‌ನ ಎರಡೂ ತುದಿ ಚುಚ್ಚಿದರು, ಇಡೀ ನೆಟ್‌ವರ್ಕ್ ನಿಂತುಹೋಯಿತು. ನಮ್ಮ ಸಿಸ್ಕೊ ಕ್ಯಾಟಲಿಸ್ಟ್ ಸ್ವಿಚ್‌ಗಳಲ್ಲಿ ಸ್ಟಾರ್ಮ್ ಕಂಟ್ರೋಲ್ (ಎಲ್ಲರಿಗೂ ಹೋಗುವ ಬ್ರಾಡ್‌ಕಾಸ್ಟ್‌ನಂಥ ಟ್ರಾಫಿಕ್ ಮಿತಿ ಮೀರಿದರೆ ತಡೆಯುವ ಸೌಲಭ್ಯ) ಎಷ್ಟು ಪರ್ಸೆಂಟ್ ಇಡಬೇಕು? ಕೇಬಲ್ ಹಾಕಿದವರು "ಎಲ್ಲ ಪೋರ್ಟ್‌ಗೂ 1 ಪರ್ಸೆಂಟ್ ಇಡಿ, ಎಸ್‌ಟಿಪಿ ಆಫ್ ಮಾಡಿ" ಅಂತಾರೆ.

ಉತ್ತರ: ಎಸ್‌ಟಿಪಿ ಅಂದರೆ ಫ್ರೇಮ್ (ಡೇಟಾದ ತುಂಡು) ಸುತ್ತುತ್ತಲೇ ಇರುವ ಲೂಪ್ ಆಗದಂತೆ ತಡೆಯುವ ವ್ಯವಸ್ಥೆ. ಅದನ್ನು ಆಫ್ ಮಾಡಿದ್ದರೆ ಮೊದಲು ಈಗಲೇ ಆನ್ ಮಾಡಿ. ಈ ಸಲಹೆ ಕೇಳಿದರೆ ನನಗೆ ನಿಜಕ್ಕೂ ಸಿಟ್ಟು ಬರುತ್ತದೆ. ಸ್ಟಾರ್ಮ್ ಕಂಟ್ರೋಲ್‌ಗೆ ಲೂಪ್ ಅಂದರೆ ಏನೆಂದೇ ಗೊತ್ತಿಲ್ಲ, ಪೋರ್ಟ್‌ನಿಂದ ಒಳಗೆ ಬರುವ ಫ್ರೇಮ್ ಎಣಿಸಿ, ಮಿತಿ ಮೀರಿದರೆ ತಡೆಯುವುದಷ್ಟೇ ಅದರ ಕೆಲಸ. ಈಥರ್ನೆಟ್ ಫ್ರೇಮ್‌ಗೆ ಐಪಿಯಲ್ಲಿರುವಂತೆ ಟಿಟಿಎಲ್ (ಇಷ್ಟು ಹೆಜ್ಜೆ ದಾಟಿದರೆ ಸಾಯಬೇಕು ಎಂಬ ಲೆಕ್ಕ) ಇಲ್ಲ, ಲೂಪ್ ಸಿಕ್ಕರೆ ಸುತ್ತುತ್ತಲೇ ಇರುತ್ತದೆ. ಲ್ಯಾಬ್ ಪೋರ್ಟ್‌ಗಳಿಗೆ ಬಿಪಿಡಿಯು ಗಾರ್ಡ್ ಹಾಕಿ, ಎಸ್‌ಟಿಪಿ ಕಳಿಸುವ ಸಂದೇಶ (ಬಿಪಿಡಿಯು) ಆ ಪೋರ್ಟ್‌ಗೆ ಬಂದರೆ ಅದು ಪೋರ್ಟನ್ನೇ ಮುಚ್ಚುತ್ತದೆ. ನಿಮ್ಮಲ್ಲಿ ಆದಂಥ ಲೂಪ್ ಬಹಳ ಸಲ ಅಲ್ಲೇ ಸಿಕ್ಕಿಬೀಳುತ್ತದೆ. ಆ ಚಿಕ್ಕ ಸ್ವಿಚ್ ಬಿಪಿಡಿಯುವನ್ನೇ ನುಂಗಿಬಿಟ್ಟರೆ ಆಗ ಸ್ಟಾರ್ಮ್ ಕಂಟ್ರೋಲ್ ಬೇಕು.

ಇನ್ನು ಆ 1 ಪರ್ಸೆಂಟ್. ಒಂದು ಗಿಗಾಬಿಟ್ ಪೋರ್ಟ್‌ನಲ್ಲಿ 64 ಬೈಟ್‌ನ ಫ್ರೇಮ್‌ಗಳು ಸೆಕೆಂಡಿಗೆ ಸುಮಾರು 14.88 ಲಕ್ಷ ಹೋಗಬಹುದು. ಅದರ 1 ಪರ್ಸೆಂಟ್ ಅಂದರೆ ಸುಮಾರು 14,880. ಎಆರ್‌ಪಿ ("ಈ ಐಪಿ ಯಾರದು?" ಎಂದು ಎಲ್ಲರನ್ನೂ ಕೇಳುವ) ಫ್ರೇಮ್ ಕೂಡ ಅಷ್ಟೇ ಚಿಕ್ಕದು, ಅದನ್ನು ಆ ವಿಲ್ಯಾನ್‌ನ (ಒಂದೇ ಗುಂಪಿನ ನೆಟ್‌ವರ್ಕ್‌ನ) ಪ್ರತಿ ಪ್ರಿಂಟರ್, ಕ್ಯಾಮೆರಾ, ಫೋನ್ ನೋಡಲೇಬೇಕು. ಹಳೇ ಪ್ರಿಂಟರ್ ಸೆಕೆಂಡಿಗೆ ಅಷ್ಟು ತಡೆದುಕೊಳ್ಳುತ್ತಾ? ಅದೇ 1 ಪರ್ಸೆಂಟ್ 100 ಎಂಬಿಪಿಎಸ್ ಪೋರ್ಟ್‌ನಲ್ಲಿ 1,488, ಹತ್ತು ಗಿಗಾಬಿಟ್‌ನಲ್ಲಿ ಸುಮಾರು 1,48,800. ಬರೆದ ಸಾಲು ಒಂದೇ, ತಡೆಯುವ ಮಟ್ಟ ಮೂರು ಥರ! ನಿಮ್ಮ ಸ್ವಿಚ್ ಒಪ್ಪಿದರೆ ಪಿಪಿಎಸ್‌ನಲ್ಲೇ (ಸೆಕೆಂಡಿಗೆ ಇಷ್ಟು ಪ್ಯಾಕೆಟ್ ಎಂದು) ಬರೆಯಿರಿ.

ಸಂಖ್ಯೆಯನ್ನು ನನ್ನ ಹತ್ತಿರ ಕೇಳಬೇಡಿ, ನಿಮ್ಮ ಸ್ವಿಚ್ ಹತ್ತಿರ ಕೇಳಿ. ಇಂಟರ್‌ಫೇಸ್ ಕೌಂಟರ್‌ನಲ್ಲಿ ಒಳಬರುವ ಬ್ರಾಡ್‌ಕಾಸ್ಟ್ ಎಷ್ಟಿದೆ ನೋಡಿ, ಹತ್ತು ಸೆಕೆಂಡ್ ಬಿಟ್ಟು ಮತ್ತೆ ನೋಡಿ, ವ್ಯತ್ಯಾಸವನ್ನು ಹತ್ತರಿಂದ ಭಾಗಿಸಿ. ಮಧ್ಯಾಹ್ನ ಸುಮ್ನೆ ಕೂತಾಗ ಅಳೆದರೆ ಪ್ರಯೋಜನವಿಲ್ಲ. ಬೆಳಿಗ್ಗೆ ಲ್ಯಾಬ್ ತೆರೆದಾಗ, ಅದಕ್ಕಿಂತ ಮುಖ್ಯವಾಗಿ ಕರೆಂಟ್ ಹೋಗಿ ಬಂದು ಎಲ್ಲ ಮಷೀನೂ ಒಟ್ಟಿಗೆ ಡಿಎಚ್‌ಸಿಪಿಯಿಂದ ಐಪಿ ವಿಳಾಸ ಕೇಳುವಾಗ ಅಳೆಯಿರಿ. ಅಲ್ಲಿ ಪೋರ್ಟ್ ಒಂದಕ್ಕೆ ಸೆಕೆಂಡಿಗೆ 60 ಬಂದರೆ ನಾನು ಮೇಲಿನ ಮಿತಿ 300, ಕೆಳಗಿನದು 150 ಇಡುತ್ತೇನೆ. ಮೇಲಿನದು ದಾಟಿದರೆ ತಡೆ ಶುರು, ಕೆಳಗಿನದಕ್ಕಿಂತ ಇಳಿದರೆ ಬಿಡುಗಡೆ.

ಮೊದಲ ಎರಡು ವಾರ ಟ್ರ್ಯಾಪ್ (ಎಚ್ಚರಿಕೆ ಸಂದೇಶ) ಮಾತ್ರ ಇಟ್ಟು ನೋಡಿ. ಹಾಗಿದ್ದರೂ ಮಿತಿ ಮೀರಿದ ಫ್ರೇಮ್‌ಗಳು ಬಿದ್ದೇ ಬೀಳುತ್ತವೆ, ಪೋರ್ಟ್ ಮಾತ್ರ ಮುಚ್ಚುವುದಿಲ್ಲ. ಸುಳ್ಳು ಎಚ್ಚರಿಕೆ ಬರಲಿಲ್ಲ ಅಂದರೆ ಲ್ಯಾಬ್ ಪೋರ್ಟ್‌ಗಳಿಗೆ ಶಟ್‌ಡೌನ್ (ಮಿತಿ ಮೀರಿದರೆ ಪೋರ್ಟ್ ಮುಚ್ಚುವ ಕ್ರಮ) ಹಾಕಿ. ಅಪ್‌ಲಿಂಕ್‌ಗೆ (ಸ್ವಿಚ್‌ನಿಂದ ಮುಖ್ಯ ನೆಟ್‌ವರ್ಕ್‌ಗೆ ಹೋಗುವ ಪೋರ್ಟ್‌ಗೆ) ಶಟ್‌ಡೌನ್ ಬೇಡವೇ ಬೇಡ, ಒಂದು ಮೇಜಿನ ತಪ್ಪಿಗೆ ಇಡೀ ಮಹಡಿ ಕತ್ತಲಾಗುತ್ತದೆ.

ಪ್ರಶ್ನೆ: ಮಲ್ಟಿಕಾಸ್ಟ್‌ಗೂ (ಒಂದು ಗುಂಪಿಗೆ ಹೋಗುವ ಟ್ರಾಫಿಕ್‌ಗೂ) ಅದೇ ಮಿತಿ ಹಾಕಲಾ?

ಉತ್ತರ: ಬೇಡ. ಕ್ಯಾಟಲಿಸ್ಟ್‌ನ ಎಷ್ಟೋ ಮಾಡೆಲ್‌ಗಳಲ್ಲಿ ಮಿತಿ ದಾಟಿದಾಗ ಬಿಪಿಡಿಯು ಉಳಿದುಕೊಳ್ಳುತ್ತದೆ, ಆದರೆ ಓಎಸ್‌ಪಿಎಫ್ (ರೂಟರ್‌ಗಳು ದಾರಿಯ ಮಾಹಿತಿ ಹಂಚಿಕೊಳ್ಳುವ ಸಂದೇಶ) ಕೂಡ ವಿಡಿಯೋ ಜೊತೆಗೇ ಬಿದ್ದುಹೋಗುತ್ತದೆ.

ಪ್ರಶ್ನೆ: ಇದನ್ನು ಹಾಕಿದರೆ ಇಂಟರ್ನೆಟ್ ಸ್ಪೀಡ್ ಜಾಸ್ತಿ ಆಗುತ್ತಾ?

ಉತ್ತರ: ಇಲ್ಲ. ಹಾಗೆ ಹೇಳಿ ದುಡ್ಡು ಕೇಳುವವರಿಗೆ ಕೊಡಬೇಡಿ.

ಪ್ರಶ್ನೆ: ಮುಚ್ಚಿದ ಪೋರ್ಟ್ ತಾನೇ ತೆರೆಯುವಂತೆ ಮಾಡಬಹುದಾ?

ಉತ್ತರ: ಎರ್‌ಡಿಸೇಬಲ್ ರಿಕವರಿ ಆನ್ ಮಾಡಿದರೆ ಆಗುತ್ತದೆ, ಡಿಫಾಲ್ಟ್ ಸಮಯ 300 ಸೆಕೆಂಡ್. ನಾನಂತೂ ಮಾಡುವುದಿಲ್ಲ. ಮೊದಲು ಹೋಗಿ ಆ ಕೇಬಲ್ ಕೀಳಿ.