ಮುಟ್ಟಿನ ಬಟ್ಟೆ: ಓದುಗರ ಪ್ರಶ್ನೆ, ನಮ್ಮ ಉತ್ತರ

ತೊಳೆದು ಮತ್ತೆ ಬಳಸುವ ಬಟ್ಟೆ ಪ್ಯಾಡ್ ಬಗ್ಗೆ ಬಂದ ಪತ್ರಗಳಲ್ಲಿ ಆರನ್ನು ಇಲ್ಲಿ ಆರಿಸಿಕೊಂಡಿದ್ದೇವೆ. ಹೆಸರು ಹಾಕಬೇಡಿ ಎಂದು ಬರೆದವರೇ ಹೆಚ್ಚು. ಹಾಗಾಗಿ ಊರಿನ ಹೆಸರಷ್ಟೇ ಕೊಟ್ಟಿದ್ದೇವೆ.

ಪ್ರಶ್ನೆ: ನಮ್ಮ ಕಾಲದಲ್ಲಿ ಹಳೇ ಸೀರೆ ಹರಿದು ಮಡಚಿ ಇಟ್ಟುಕೊಳ್ಳುತ್ತಿದ್ದೆವು. ತೊಳೆದದ್ದನ್ನು ಯಾರ ಕಣ್ಣಿಗೂ ಬೀಳದ ಹಾಗೆ ಸೌದೆ ಕೊಟ್ಟಿಗೆಯ ಮೂಲೆಯಲ್ಲಿ ಒಣಗಿಸಬೇಕಿತ್ತು. ಮಳೆಗಾಲದಲ್ಲಿ ಹಸಿಯನ್ನೇ ಕಟ್ಟಿಕೊಂಡದ್ದೂ ಉಂಟು, ತೊಡೆ ಸಂದಿ ಉರಿದುಹೋಗುತ್ತಿತ್ತು. ಅಂಗಡಿ ಪ್ಯಾಡ್ ಬಂದಾಗ ಬದುಕಿದೆ ಅನ್ನಿಸಿತು. ಈಗ ಬೆಂಗಳೂರಿನಲ್ಲಿ ಓದುವ ಮಗಳು ಬಟ್ಟೆ ಪ್ಯಾಡ್ ತಂದಿದ್ದಾಳೆ. ಮತ್ತೆ ಅದೇ ಕಷ್ಟಕ್ಕೆ ಹೋಗುವುದೇಕೆ? ಸೋಂಕು, ಕ್ಯಾನ್ಸರ್ ಬರುವುದಿಲ್ಲವೇ?
– ಸಾಗರ

ಉತ್ತರ: ನಿಮ್ಮ ಪ್ರಶ್ನೆಗೆ ಅರ್ಧ ಉತ್ತರ ನಿಮ್ಮ ಪತ್ರದಲ್ಲೇ ಇದೆ: ಸೌದೆ ಕೊಟ್ಟಿಗೆಯ ಮೂಲೆ. ಗಾಳಿ, ಬೆಳಕು ಇಲ್ಲದ ಕಡೆ ಬಟ್ಟೆಯ ಒಳಪದರ ಎರಡು ಮೂರು ದಿನವಾದರೂ ತೇವವಾಗಿಯೇ ಇರುತ್ತದೆ. ಆ ತೇವದಲ್ಲಿ ಶಿಲೀಂಧ್ರ ಬೆಳೆಯುತ್ತದೆ. ಹಸಿ ಬಟ್ಟೆ ಚರ್ಮಕ್ಕೆ ಉಜ್ಜಿದಾಗ ಚರ್ಮ ಸುಲಿದು, ತುರಿಕೆಯೂ ಉರಿಯೂ ಶುರುವಾಗುತ್ತವೆ. ಒಡಿಶಾದ ಮಹಿಳೆಯರ ಬಗ್ಗೆ 2015ರಲ್ಲಿ ಪ್ರಕಟವಾದ ಒಂದು ಅಧ್ಯಯನದಲ್ಲೂ ಬಟ್ಟೆ ಬಳಸುವವರಲ್ಲಿ ಸೋಂಕಿನ ಲಕ್ಷಣಗಳು ಹೆಚ್ಚು ಕಂಡುಬಂದಿದ್ದವು. ಅದನ್ನು ಮುಚ್ಚಿಡುವ ಅಗತ್ಯವಿಲ್ಲ. ಅದೇ ರಾಜ್ಯದಲ್ಲಿ ಮುಂದೆ ನಡೆದ ಅಧ್ಯಯನ, ಬಟ್ಟೆಯನ್ನು ಮನೆಯೊಳಗೆ ಒಣಗಿಸುವ ರೂಢಿಗೂ ಶಿಲೀಂಧ್ರ ಸೋಂಕಿಗೂ ನಂಟಿರುವುದನ್ನು ಗುರುತಿಸಿತು. ಅಡಗಿಸಿ ಒಣಗಿಸಿದ್ದೇ ನಿಮಗೂ ತೊಂದರೆ ಕೊಟ್ಟದ್ದು.

ಗರ್ಭಕೊರಳಿನ ಕ್ಯಾನ್ಸರ್‌ಗೆ ಬಹುಪಾಲು ಕಾರಣ ಎಚ್‌ಪಿವಿ ಎಂಬ ವೈರಾಣು. ಅದು ಹರಡುವುದು ಲೈಂಗಿಕ ಸಂಪರ್ಕದಿಂದ. ತೊಳೆದು ಗರಿಗರಿಯಾಗಿ ಒಣಗಿಸಿದ ಹತ್ತಿ ಬಟ್ಟೆಯಿಂದ ಕ್ಯಾನ್ಸರ್ ಬರುತ್ತದೆ ಎಂದು ಹೆದರಬೇಕಿಲ್ಲ.

ಇನ್ನು ಮಗಳು ತಂದಿರುವ ಪ್ಯಾಡ್‌ಗೂ ನಿಮ್ಮ ಸೀರೆ ತುಂಡಿಗೂ ಇರುವ ವ್ಯತ್ಯಾಸ. ಒಂದನ್ನು ಕೈಗೆ ತೆಗೆದುಕೊಂಡು ನೋಡಿ. ಮೈಗೆ ತಾಗುವ ಕಡೆ ಮೆತ್ತನೆಯ ಹತ್ತಿ ಫ್ಲಾನೆಲ್, ನಡುವೆ ಹೀರುವ ನಾಲ್ಕಾರು ಪದರ, ಅಡಿಯಲ್ಲಿ ಸೋರದ ಹಾಗೆ ಪಿಯುಎಲ್ ಬಟ್ಟೆ, ಅಂದರೆ ಒಂದು ಮೈಗೆ ತೆಳು ಪೊರೆ ಅಂಟಿಸಿದ ಬಟ್ಟೆ ಇರುತ್ತದೆ. ಎರಡು ಪಕ್ಕಕ್ಕೂ ರೆಕ್ಕೆ ಇದ್ದು, ಅವು ಒಳಉಡುಪಿನ ಕೆಳಗೆ ಟಿಚ್ ಬಟನ್‌ನಿಂದ ಕೂಡಿಕೊಳ್ಳುತ್ತವೆ. ಪಟ್ಟಿ ಕಟ್ಟಬೇಕಿಲ್ಲ, ಪಿನ್ನು ಚುಚ್ಚಬೇಕಿಲ್ಲ, ನಡೆಯುವಾಗ ಜಾರುವುದಿಲ್ಲ. ಇದಕ್ಕೆ 2021ರಲ್ಲಿ ಭಾರತೀಯ ಮಾನಕವೂ ಬಂದಿದೆ, ಐಎಸ್ 17514. ಕೊಳ್ಳುವಾಗ ಪೊಟ್ಟಣದ ಮೇಲೆ ಆ ಸಂಖ್ಯೆ ಇದೆಯೇ ನೋಡಬಹುದು.

‘ಬಟ್ಟೆ ಎಂದರೆ ಹೊಲಸು’ ಎಂಬ ಭಾವನೆ ನಿಮ್ಮೊಬ್ಬರದಲ್ಲ. 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆ 15ರಿಂದ 24ರ ವಯಸ್ಸಿನವರಲ್ಲಿ ಸುಮಾರು ಅರ್ಧದಷ್ಟು ಮಂದಿ ಬಟ್ಟೆ ಬಳಸುತ್ತಾರೆ ಎಂದು ಹೇಳುತ್ತದೆ. ಆದರೆ ಅದರ ‘ಶುಚಿಯಾದ ವಿಧಾನ’ಗಳ ಪಟ್ಟಿಯಲ್ಲಿ ಅಂಗಡಿ ಪ್ಯಾಡ್, ಸ್ಥಳೀಯವಾಗಿ ತಯಾರಿಸಿದ ಪ್ಯಾಡ್, ಟ್ಯಾಂಪೂನ್ (ಯೋನಿಯೊಳಗೆ ಇಡುವ ಹೀರುಸುರುಳಿ), ಮುಟ್ಟಿನ ಕಪ್ ಮಾತ್ರ ಇವೆ, ಬಟ್ಟೆಗೆ ಜಾಗವಿಲ್ಲ. ಬಟ್ಟೆಯನ್ನು ಹೇಗೆ ತೊಳೆದರು, ಎಲ್ಲಿ ಒಣಗಿಸಿದರು ಎಂಬುದು ಆ ಲೆಕ್ಕಕ್ಕೆ ಬರುವುದೇ ಇಲ್ಲ. ಇದು ಸರಿಯಾದ ಎಣಿಕೆಯಲ್ಲ ಎನ್ನುವುದು ನಮ್ಮ ಅಭಿಪ್ರಾಯ. ಹನ್ನೆರಡು ಗಂಟೆ ಬದಲಾಯಿಸದ ಅಂಗಡಿ ಪ್ಯಾಡ್ ಕೂಡ ಶುಚಿಯಲ್ಲ.

ಮಗಳು ಊರಿಗೆ ಬಂದಾಗ ನೀವು ಮಾಡಬಹುದಾದ ದೊಡ್ಡ ಉಪಕಾರವೆಂದರೆ ಅಂಗಳದ ತಂತಿಯಲ್ಲಿ ಅವಳ ಪ್ಯಾಡ್‌ಗಳಿಗೂ ಒಂದು ಮೊಳ ಜಾಗ ಕೊಡುವುದು. ನಿಮಗೆ ಆ ಜಾಗ ಯಾರೂ ಕೊಟ್ಟಿರಲಿಲ್ಲ.

ಪ್ರಶ್ನೆ: ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ನಮ್ಮಲ್ಲಿ ಟವೆಲ್ಲೇ ಒಣಗುವುದಿಲ್ಲ. ಪ್ಯಾಡ್ ಮುಗ್ಗಲು ವಾಸನೆ ಬರುತ್ತದೆ. ಬಚ್ಚಲ ಒಲೆಯ ಮೇಲೆ ಹಗ್ಗ ಕಟ್ಟಿ ಒಣಗಿಸಬಹುದೇ?
– ತೀರ್ಥಹಳ್ಳಿ

ಉತ್ತರ: ಮಲೆನಾಡು, ಕರಾವಳಿ, ಕೊಡಗಿನಿಂದ ಹೆಚ್ಚಾಗಿ ಬರುವ ಪ್ರಶ್ನೆ ಇದು. ಬಟ್ಟೆ ಪ್ಯಾಡ್ ಬಿಟ್ಟುಬಿಟ್ಟವರಲ್ಲಿ ಅನೇಕರು ಬಿಟ್ಟದ್ದೂ ಮಳೆಗಾಲದಲ್ಲೇ.

ಮೊದಲು ಪ್ಯಾಡ್‌ನ ಬಗೆ ನೋಡಿ. ಎಲ್ಲ ಪದರವನ್ನೂ ಒಟ್ಟಿಗೆ ಹೊಲಿದ ದಪ್ಪ ಪ್ಯಾಡ್ ಮೇಲ್ಮೈ ಒಣಗಿದರೂ ಒಳಗೆ ಹಸಿಯಾಗಿರುತ್ತದೆ. ಮಳೆ ಊರಿಗೆ ಅದು ಹೇಳಿಸಿದ್ದಲ್ಲ. ತೆಳುವಾದ ಹೊರಕವಚ ಒಂದು, ಅದರ ಮೇಲೆ ಮಡಚಿ ಇಡುವ ಹತ್ತಿ ಬಟ್ಟೆ ಬೇರೆ, ಈ ಬಗೆಯದನ್ನು ಆರಿಸಿ. 25 ಸೆಂ.ಮೀ. ಚದರದ ತುಂಡನ್ನು ಮೂರು ಮಡಿಕೆ ಮಾಡಿದರೆ ಒಳಪದರ ಆಗುತ್ತದೆ, ಹೆಚ್ಚು ಸ್ರಾವದ ದಿನ ಎರಡು ತುಂಡು ಇಡಿ. ತೊಳೆದ ಮೇಲೆ ಬಿಡಿಸಿದರೆ ಅದು ಕರವಸ್ತ್ರದಂತೆ ಹರಡಿಕೊಳ್ಳುತ್ತದೆ, ಫ್ಯಾನ್ ಗಾಳಿಗೂ ಒಣಗುತ್ತದೆ.

ಎರಡನೆಯದು, ನೀರು ತೆಗೆಯುವ ವಿಧಾನ. ತಿರುಚಿ ಹಿಂಡಿದರೆ ಪಿಯುಎಲ್ ಪೊರೆ ಬಿರಿಯುತ್ತದೆ. ಒಣ ಟವೆಲ್ ಮೇಲೆ ಪ್ಯಾಡ್ ಇಟ್ಟು, ಸುರುಳಿ ಸುತ್ತಿ, ಅಂಗೈಯಿಂದ ಅದುಮಿ. ತೂಕ ಇಳಿದದ್ದು ಕೈಗೇ ಗೊತ್ತಾಗುತ್ತದೆ. ಆಮೇಲೆ ಹಗ್ಗದ ಮೇಲೆ ಮಡಚಿ ಹಾಕದೆ, ಒಂದು ತುದಿಗೆ ಕ್ಲಿಪ್ ಸಿಕ್ಕಿಸಿ ಉದ್ದಕ್ಕೆ ಇಳಿಬಿಡಿ. ಮಧ್ಯೆ ಒಮ್ಮೆ ತಲೆಕೆಳಗು ಮಾಡಿ.

ಒಲೆಯ ಶಾಖ ಒಳ್ಳೆಯದೇ, ಹೊಗೆ ಬೇಡ. ಹೊಗೆಯ ಮಸಿ ಹತ್ತಿಗೆ ಕೂತರೆ ಹೋಗುವುದಿಲ್ಲ, ಚರ್ಮಕ್ಕೂ ತುರಿಕೆ. ಉರಿ ಆರಿ ಕೆಂಡ ಮಾತ್ರ ಉಳಿದಾಗ, ಒಲೆಯಿಂದ ಮೂರು ನಾಲ್ಕು ಅಡಿ ದೂರದಲ್ಲಿ ಹಾಕಬಹುದು. ಬರೀ ಹತ್ತಿಯ ತುಂಡನ್ನು ಕೊನೆಗೊಮ್ಮೆ ಇಸ್ತ್ರಿ ಮಾಡಿ. ಪಿಯುಎಲ್ ಇರುವ ಕವಚಕ್ಕೆ ಮಾತ್ರ ಇಸ್ತ್ರಿ ತಾಗಿಸಬಾರದು, ಪೊರೆ ಸುಕ್ಕಾಗಿ ಸೋರುತ್ತದೆ.

ಒಣಗಿದೆಯೇ ಎಂದು ನೋಡಲು ಕೈಬೆರಳು ಸಾಲದು. ದಪ್ಪ ಭಾಗವನ್ನು ಕೆನ್ನೆಗೆ ಒತ್ತಿ, ತಣ್ಣಗೆ ತಾಗಿದರೆ ತೇವ ಇನ್ನೂ ಇದೆ. ಬೇರೆ ಕಾಲಕ್ಕೆ ಆರೆಂಟು ಪ್ಯಾಡ್ ಸಾಕು, ಮಳೆಗಾಲಕ್ಕೆ ಹತ್ತು ಹನ್ನೆರಡು ಇಟ್ಟುಕೊಳ್ಳಿ. ಮೂರು ದಿನ ಬಿಡದೆ ಹೊಡೆಯುವ ಮಳೆಯಲ್ಲಿ ಅಂಗಡಿ ಪ್ಯಾಡ್ ಬಳಸಿದರೆ ಯಾವ ವ್ರತವೂ ಭಂಗವಾಗುವುದಿಲ್ಲ. ಹಸಿ ಪ್ಯಾಡ್ ಮಾತ್ರ ಧರಿಸಲೇಬೇಡಿ.

ಪ್ರಶ್ನೆ: ನಾಲ್ಕು ತಿಂಗಳಿಗೇ ಪ್ಯಾಡ್ ರಟ್ಟಿನ ಹಾಗಾಗಿದೆ. ಮೇಲೆ ಬಿದ್ದದ್ದು ಹೀರದೆ ಪಕ್ಕಕ್ಕೆ ಹರಿಯುತ್ತದೆ. ಬಿಸಿನೀರು, ಸೋಪು ಹಾಕಿಯೇ ತೊಳೆಯುತ್ತೇನೆ. ನಮ್ಮದು ಬೋರ್‌ವೆಲ್ ನೀರು.
– ಕೋಲಾರ

ಉತ್ತರ: ಬಿಸಿನೀರು, ಸೋಪು, ಬೋರ್‌ವೆಲ್ ನೀರು, ಮೂರೂ ಸೇರಿ ಮಾಡಿದ ಕೆಲಸ ಇದು. ಗಡಸು ನೀರಿನ ಸುಣ್ಣದ ಅಂಶ ಸೋಪಿನೊಂದಿಗೆ ಸೇರಿ ಬಿಳಿ ಜಿಡ್ಡಾಗುತ್ತದೆ, ಅದು ಎಳೆಗಳ ನಡುವೆ ತುಂಬಿಕೊಂಡು ನೀರನ್ನು ಒಳಗೆ ಬಿಡುವುದಿಲ್ಲ. ರಕ್ತ ಎಂದರೆ ಪ್ರೋಟೀನು, ಬಿಸಿ ತಾಗಿದರೆ ಮೊಟ್ಟೆಯ ಬಿಳಿಯಂತೆ ಗಟ್ಟಿಯಾಗಿ ಎಳೆಗೆ ಅಂಟುತ್ತದೆ. ಆಮೇಲೆ ಎಷ್ಟು ಉಜ್ಜಿದರೂ ಕಲೆ ಹೋಗುವುದಿಲ್ಲ.

ಈಗಿರುವ ಪ್ಯಾಡ್‌ಗಳನ್ನು ಉಳಿಸಿಕೊಳ್ಳಲು, ಒಂದು ಲೀಟರ್ ನೀರಿಗೆ ಎರಡು ದೊಡ್ಡ ಚಮಚ ಬಿಳಿ ವಿನೆಗರ್ ಅಥವಾ ಸೋಸಿದ ನಿಂಬೆರಸ ಹಾಕಿ 20 ನಿಮಿಷ ನೆನೆಸಿ, ಎರಡು ಸಲ ಬರಿ ನೀರಲ್ಲಿ ಜಾಲಿಸಿ. ಒಣಗಿದ ಮೇಲೆ ಒಂದು ಹನಿ ನೀರು ಬಿಟ್ಟು ನೋಡಿ. ತಕ್ಷಣ ಇಂಗಿದರೆ ಸರಿಹೋಯಿತು, ಮುತ್ತಿನಂತೆ ನಿಂತರೆ ಇನ್ನೊಮ್ಮೆ ಮಾಡಿ. ಹೊಸ ಪ್ಯಾಡ್‌ಗೂ ಇದೇ ಪರೀಕ್ಷೆ. ಹೊಸ ಬಟ್ಟೆಯಲ್ಲಿ ಗಂಜಿ ಮತ್ತು ಹತ್ತಿಯ ಸಹಜ ಮೇಣ ಇರುತ್ತವೆ, ಮೊದಲ ಬಳಕೆಗೆ ಮುಂಚೆ ಎರಡು ಮೂರು ಸಲ ತೊಳೆಯದಿದ್ದರೆ ಹೀರುವುದಿಲ್ಲ.

ಇನ್ನು ಮುಂದೆ ಬಳಸಿದ ಕೂಡಲೇ ತಣ್ಣೀರಲ್ಲಿ ಜಾಲಿಸಿ, ಬಳಿಕ ಹೊಸ ತಣ್ಣೀರಲ್ಲಿ ಅರ್ಧ ಗಂಟೆ ನೆನೆಸಿ. ರಾತ್ರಿಯಿಡೀ ನೆನೆಹಾಕುವ ರೂಢಿ ಬಿಡಿ, ಆ ನೀರೇ ಕೊಳೆತು ವಾಸನೆ ಬಟ್ಟೆಗೆ ಹಿಡಿಯುತ್ತದೆ. ಬಾರ್ ಸೋಪಿನ ಬದಲು ಡಿಟರ್ಜೆಂಟ್ ಪುಡಿ ಅಥವಾ ದ್ರವ ಬಳಸಿ, ಗಡಸು ನೀರಲ್ಲಿ ಅದು ಸೋಪಿನಂತೆ ಜಿಡ್ಡು ಕಟ್ಟುವುದಿಲ್ಲ. ನಾಲ್ಕೈದು ಪ್ಯಾಡ್‌ಗೆ ಒಂದು ಸಣ್ಣ ಚಮಚ ಸಾಕು, ನೊರೆ ಪೂರ್ತಿ ಹೋಗುವ ತನಕ ಜಾಲಿಸಿ. ಬಟ್ಟೆ ಮೆತ್ತಗಾಗಿಸುವ ಕಂಡೀಷನರ್, ಬ್ಲೀಚಿಂಗ್, ಕ್ರಿಮಿನಾಶಕ ದ್ರವ ಯಾವುದೂ ಬೇಡ. ಮೊದಲನೆಯದು ಎಳೆಗೆ ಪದರ ಕಟ್ಟಿ ಹೀರಿಕೆ ಕೆಡಿಸುತ್ತದೆ, ಉಳಿದವು ಬಟ್ಟೆಯನ್ನೂ ಚರ್ಮವನ್ನೂ ಸುಡುತ್ತವೆ. ಮಸುಕು ಕಲೆ ಉಳಿದರೆ ಉಳಿಯಲಿ. ಕಲೆ ಇದ್ದರೂ ಚೆನ್ನಾಗಿ ತೊಳೆದು ಒಣಗಿಸಿದ್ದರೆ ಅದು ಶುಚಿಯಾದ ಬಟ್ಟೆಯೇ.

ಪ್ರಶ್ನೆ: ನಮ್ಮ ಸ್ವಸಹಾಯ ಸಂಘದಲ್ಲಿ ಮೂರು ಹೊಲಿಗೆ ಯಂತ್ರ ಇವೆ. ಪ್ಯಾಡ್ ಹೊಲಿದು ನೋಡಿದೆವು, ನಡುವೆಯೇ ಸೋರುತ್ತದೆ. ಒಗೆದ ಮೇಲೆ ಮುದುಡಿಯೂ ಹೋಯಿತು. ಅಳತೆ ತಿಳಿಸಿ.
– ಹಾವೇರಿ

ಉತ್ತರ: ಮುದುಡಿದ್ದು ಫ್ಲಾನೆಲ್ ಕುಗ್ಗಿದ್ದರಿಂದ. ಕತ್ತರಿಸುವ ಮುಂಚೆ ಇಡೀ ಥಾನನ್ನು ಬಿಸಿನೀರಲ್ಲಿ ಒಗೆದು ಒಣಗಿಸಲೇಬೇಕು. ನಡುವೆ ಸೋರುವುದಕ್ಕೆ ಕಾರಣ, ಒಳಪದರವನ್ನು ಹಿಡಿಸಲು ಹಾಕಿದ ನಡುಹೊಲಿಗೆ ಪಿಯುಎಲ್ ಅನ್ನೂ ದಾಟಿ ಹೋಗಿರುವುದು. ಸೂಜಿ ಚುಚ್ಚಿದ ಪ್ರತಿ ತೂತೂ ಅಲ್ಲಿ ಸೋರುವ ದಾರಿ.

ಹಗಲಿನ ಪ್ಯಾಡ್‌ಗೆ ಉದ್ದ 25 ಸೆಂ.ಮೀ., ನಡುವಿನ ಅಗಲ 7, ಎರಡು ರೆಕ್ಕೆ ಬಿಚ್ಚಿದಾಗ ತುದಿಯಿಂದ ತುದಿಗೆ 19ರಿಂದ 20 ಸೆಂ.ಮೀ. ಇರಲಿ. ಸುತ್ತಲೂ ಹೊಲಿಗೆಗೆ ಒಂದೊಂದು ಸೆಂ.ಮೀ. ಬೇರೆ ಬಿಡಿ. ರಾತ್ರಿಯದು 32 ಸೆಂ.ಮೀ. ಉದ್ದ, ಹಿಂಭಾಗ ಸ್ವಲ್ಪ ಅಗಲ. ಒಳಪದರ 20 ಸೆಂ.ಮೀ. ಉದ್ದ, 6 ಅಗಲ, ಫ್ಲಾನೆಲ್ ಆದರೆ ನಾಲ್ಕು ಪದರ, ಹಳೆ ಪಂಚೆಯಾದರೆ ಆರು.

ಒಳಪದರವನ್ನು ಮೇಲಿನ ಹತ್ತಿ ಬಟ್ಟೆಯ ಹಿಂಬದಿಗೆ ಮಾತ್ರ ಹೊಲಿಯಿರಿ. ಪಿಯುಎಲ್ ಇನ್ನೂ ಸೇರಿರಬಾರದು. ಆಮೇಲೆ ಮೇಲಿನ ಬಟ್ಟೆಯ ಮುಂಬದಿಗೆ ಪಿಯುಎಲ್‌ನ ಬಟ್ಟೆಯ ಬದಿ ಎದುರಾಗುವಂತೆ ಜೋಡಿಸಿ. ಗುಂಡುಪಿನ್ನು ಚುಚ್ಚದೆ ಕ್ಲಿಪ್ ಹಾಕಿ, 5 ಸೆಂ.ಮೀ. ಬಾಯಿ ಬಿಟ್ಟು ಸುತ್ತ ಹೊಲಿದು, ಬಾಯಿಂದ ಒಳಹೊರಗು ಮಾಡಿ. ಈಗ ಹೊಳೆಯುವ ಪೊರೆ ಒಳಗೆ ಸೇರಿರುತ್ತದೆ. ಅಂಚಿನಿಂದ 3 ಮಿ.ಮೀ. ಒಳಗೆ ಇನ್ನೊಂದು ಸುತ್ತು ಹೊಲಿಗೆ ಓಡಿಸಿ ಬಾಯಿ ಮುಚ್ಚಿ. ಸಣ್ಣ ಸೂಜಿ, ಪಾಲಿಯೆಸ್ಟರ್ ದಾರ, 3 ಮಿ.ಮೀ. ಹೊಲಿಗೆ ಸಾಕು. ಹೊಲಿಗೆ ಒತ್ತಾದಷ್ಟೂ ತೂತು ಹೆಚ್ಚು.

ಬಣ್ಣದ ವಿಚಾರದಲ್ಲಿ ಒಂದು ಮಾತು. ಕಲೆ ಕಾಣದಿರಲಿ ಎಂದು ಗಾಢ ಕೆಂಪು, ಕಪ್ಪು ಬಟ್ಟೆ ಹಾಕುತ್ತಾರೆ. ಮೈಗೆ ತಾಗುವ ಪದರಕ್ಕೆ ಅದು ಬೇಡ. ಬಣ್ಣ ಬಿಡುತ್ತದೆ, ಸರಿಯಾಗಿ ತೊಳೆದದ್ದೂ ತಿಳಿಯುವುದಿಲ್ಲ.

ಪ್ರಶ್ನೆ: ಕೂಡುಕುಟುಂಬ. ತಾರಸಿಯಲ್ಲಿ ಒಣಹಾಕಿದರೆ ‘ಗಂಡಸರು ಓಡಾಡುವ ಜಾಗ’ ಎಂದು ಅತ್ತೆ ತೆಗೆಸುತ್ತಾರೆ. ವಾಷಿಂಗ್ ಮೆಷಿನ್‌ಗೆ ಹಾಕಿದರೆ ಮಡಿಬಟ್ಟೆಗೆ ಮೈಲಿಗೆ ಎನ್ನುತ್ತಾರೆ.
– ಮೈಸೂರು

ಉತ್ತರ: ಎರಡನ್ನೂ ಬೇರೆ ಬೇರೆ ಮಾಡಿ ನೋಡಿ. ಮೆಷಿನ್ ವಿಷಯದಲ್ಲಿ ಜಗಳ ಬೇಡ, ನಿಮಗೊಂದು ಬಕೆಟ್, ಒಂದು ಮಗ್ ಪ್ರತ್ಯೇಕ ಇಟ್ಟುಕೊಂಡು ಕೈಯಲ್ಲೇ ಒಗೆಯಬಹುದು. ದಿನಕ್ಕೆ ನಾಲ್ಕು ಪ್ಯಾಡ್ ಒಗೆಯಲು ಹತ್ತು ನಿಮಿಷ ಸಾಕು. ಆದರೆ ಬಿಸಿಲನ್ನು ಬಿಟ್ಟುಕೊಡಬೇಡಿ. ನಾಚಿಕೆಗೆ ಅಂಜಿ ಮಂಚದ ಕೆಳಗೆ ಒಣಗಿಸಿದರೆ, ಅತ್ತೆಯವರ ಕಾಲದ ತುರಿಕೆಯೇ ನಿಮಗೂ ಬರುತ್ತದೆ. ಅತ್ತೆಗೆ ಹೇಳುವಾಗಲೂ ಇದನ್ನೇ ಹೇಳಿ, ಅವರಿಗದು ನೆನಪಿರುತ್ತದೆ. ತಾರಸಿಯಲ್ಲೊಂದು ಕ್ಲಿಪ್ ಹ್ಯಾಂಗರ್ ತೂಗುಹಾಕಿ, ಮೇಲೆ ತೆಳು ಮಲ್ಲು ಪಂಚೆ ಹೊದಿಸಬಹುದು, ಗಾಳಿ ಆಡುತ್ತದೆ, ಬೆಳಕೂ ಇಳಿಯುತ್ತದೆ. ದಪ್ಪ ಟವೆಲ್, ಸೀರೆಯ ಎರಡು ಮಡಿಕೆ ಆಗದು. ಬೆಳಗ್ಗೆ ಹತ್ತರಿಂದ ಮಧ್ಯಾಹ್ನ ಎರಡರ ಬಿಸಿಲು ಸಿಕ್ಕರೆ ಸಾಕು. ನಿಮ್ಮ ಯಜಮಾನರೂ ಒಮ್ಮೆ ಅದನ್ನು ಎತ್ತಿ ತಂದರೆ ಅರ್ಧ ಮಾತು ಅಲ್ಲಿಗೇ ಮುಗಿಯುತ್ತದೆ.

ಪ್ರಶ್ನೆ: ನಾನು ಪ್ರೌಢಶಾಲೆ ಶಿಕ್ಷಕಿ. ಪರಿಸರದ ದೃಷ್ಟಿಯಿಂದ ನಮ್ಮ ಹುಡುಗಿಯರೆಲ್ಲರಿಗೂ ಬಟ್ಟೆ ಪ್ಯಾಡ್ ಕೊಡಿಸಬೇಕೆಂದಿದ್ದೇವೆ. ಶಾಲೆಯ ಶೌಚಾಲಯದಲ್ಲಿ ವಾರಕ್ಕೆರಡು ದಿನ ನೀರಿರುವುದಿಲ್ಲ.
– ಯಾದಗಿರಿ

ಉತ್ತರ: ಹಾಗಾದರೆ ಎಲ್ಲರಿಗೂ ಕೊಡಿಸಬೇಡಿ. ನೀರು, ಚಿಲಕ, ಕೈತೊಳೆಯುವ ಸೋಪು ಇಲ್ಲದ ಕಡೆ ಬಟ್ಟೆ ಪ್ಯಾಡ್ ಹೇರಿದರೆ ಹುಡುಗಿಯರು ಬೆಳಗ್ಗೆ ಹಾಕಿದ್ದನ್ನು ಸಂಜೆಯವರೆಗೆ ಬದಲಾಯಿಸುವುದಿಲ್ಲ. ನಾಲ್ಕರಿಂದ ಆರು ಗಂಟೆಗೊಮ್ಮೆ ಬದಲಾಯಿಸಲೇಬೇಕು. ಆರೋಗ್ಯ ಇಲಾಖೆಯ ‘ಶುಚಿ’ ಯೋಜನೆಯಲ್ಲಿ 10ರಿಂದ 19 ವಯಸ್ಸಿನ ಹುಡುಗಿಯರಿಗೆ ಉಚಿತ ಪ್ಯಾಡ್ ಕೊಡುವ ವ್ಯವಸ್ಥೆ ಇದೆ, ಶಾಲೆಯ ಹೊತ್ತಿಗೆ ಅದನ್ನೇ ಬಳಸಲಿ. ಬಳಸಿದ್ದನ್ನು ಶೌಚಗುಂಡಿಗೆ ಎಸೆಯದೆ ಹಳೆ ಪತ್ರಿಕೆಯಲ್ಲಿ ಸುತ್ತಿ, ಕೆಂಪು ಗುರುತು ಹಾಕಿ, ಮುಚ್ಚಳವಿರುವ ಬೇರೆ ಡಬ್ಬಿಗೆ ಹಾಕಿಸಿ.

ಇಷ್ಟವಿದ್ದವರು ರಾತ್ರಿ ಮತ್ತು ರಜಾ ದಿನ ಮನೆಯಲ್ಲಿ ಬಟ್ಟೆ ಪ್ಯಾಡ್ ಬಳಸಿ ನೋಡಲಿ. ಅಂಥವರಿಗೆ ತಲಾ ಮೂರು ಸಾಕು, ಜೊತೆಗೆ ಒಂದು ಜಿಪ್ ಚೀಲ, ಆರು ಕ್ಲಿಪ್ ಕೊಡಿ. ಕೊಡುವ ಮುಂಚೆ ತಾಯಂದಿರನ್ನು ಕರೆಸಿ, ಎಲ್ಲಿ ಒಣಗಿಸುತ್ತೀರಿ ಎಂದು ಒಬ್ಬೊಬ್ಬರನ್ನೇ ಕೇಳಿ. ಜಾಗ ಹೇಳಲಾಗದ ಮನೆಗೆ ಸದ್ಯಕ್ಕೆ ಕೊಡಬೇಡಿ. ಎರಡು ಗಂಟೆಗೇ ಪ್ಯಾಡ್ ತುಂಬಿಹೋಗುತ್ತದೆ, ಎರಡೂವರೆ ಸೆಂ.ಮೀ. ಮೀರಿದ ಗಡ್ಡೆ ಬೀಳುತ್ತದೆ, ಏಳು ದಿನ ಕಳೆದರೂ ನಿಲ್ಲುವುದಿಲ್ಲ ಎನ್ನುವ ಹುಡುಗಿ ಇದ್ದರೆ ಪ್ಯಾಡ್ ಯಾವುದೆಂಬ ಮಾತು ಆಮೇಲೆ. ಅವಳನ್ನು ಮೊದಲು ಪ್ರಾಥಮಿಕ ಆರೋಗ್ಯ ಕೇಂದ್ರಕ್ಕೆ ಕಳಿಸಿ, ಹಿಮೋಗ್ಲೋಬಿನ್ ಪರೀಕ್ಷೆ ಮಾಡಿಸಿ.