ಹತ್ತಿಯಿಂದ ಶುರು ಮಾಡಿ, ಟೀಚರ್

ಪ್ರಶ್ನೆ: ನಮ್ಮ ಕನ್ನಡ ಸಂಘದ ಬೇಸಿಗೆ ಶಿಬಿರಕ್ಕೆ 8, 9ನೇ ಕ್ಲಾಸಿನ 30 ಮಕ್ಕಳು ಬರುತ್ತಾರೆ. ಒಬ್ಬ ಹುಡುಗನ ಚಿಕ್ಕಪ್ಪ ಅಮೆರಿಕದ ಲೂಸಿಯಾನಾ ರಾಜ್ಯದ ನ್ಯೂ ಆರ್ಲಿಯನ್ಸ್‌ನಲ್ಲಿದ್ದಾರೆ. ಹಾಗಾಗಿ ಆ ರಾಜ್ಯದ ಇತಿಹಾಸ ಹೇಳಿ ಅಂತ ಎಲ್ಲರೂ ಕೇಳುತ್ತಿದ್ದಾರೆ. ಬೋರ್ಡ್ ಮೇಲೆ ಇಸವಿ ಬರೆದೆ, ಹತ್ತೇ ನಿಮಿಷಕ್ಕೆ ಆಕಳಿಕೆ. ಗುಲಾಮಗಿರಿಯ ವಿಷಯ ಮಕ್ಕಳಿಗೆ ಎಷ್ಟು ಹೇಳಬೇಕು ಅನ್ನುವುದೂ ತಿಳಿಯುತ್ತಿಲ್ಲ.
– ಒಬ್ಬ ಶಿಕ್ಷಕಿ, ಡೊಂಬಿವಲಿ

ಉತ್ತರ: ಟೀಚರ್, ಇಸವಿಗಳನ್ನು ಸದ್ಯಕ್ಕೆ ಬಿಡಿ. 1803ರಲ್ಲಿ ಅಮೆರಿಕ ಫ್ರಾನ್ಸಿನಿಂದ ಕೊಂಡ ನೆಲ, 1812ರಲ್ಲಿ ರಾಜ್ಯವಾಯಿತು, ಅಷ್ಟು ಸಾಕು. ಹತ್ತಿಯಿಂದ ಶುರು ಮಾಡಿ. ನ್ಯೂ ಆರ್ಲಿಯನ್ಸ್ ತಳಿಯ ಹತ್ತಿ ಬೀಜವನ್ನು 1840ರ ದಶಕದಲ್ಲಿ ನಮ್ಮ ಧಾರವಾಡದ ಕಡೆಯೇ ಬಿತ್ತಿಸಿದ್ದರು, ಅದಕ್ಕೆ ಧಾರವಾಡ-ಅಮೆರಿಕನ್ ಹತ್ತಿ ಅಂತಲೇ ಹೆಸರು ಬಿತ್ತು. ನಿಮ್ಮ ಶಿಬಿರದಲ್ಲೂ ಆ ಕಡೆಯ ಮಕ್ಕಳು ಇದ್ದೇ ಇರುತ್ತಾರೆ, ಅಲ್ವಾ? 1861ರಲ್ಲಿ ಅಮೆರಿಕದಲ್ಲಿ ಅಂತರ್ಯುದ್ಧ ಶುರುವಾಯಿತು, ಲಿಂಕನ್ ಸರ್ಕಾರದ ನೌಕಾಪಡೆ ಬಂಡೆದ್ದ ದಕ್ಷಿಣ ರಾಜ್ಯಗಳ ಬಂದರುಗಳನ್ನು ಮುಚ್ಚಿತು, ಇಂಗ್ಲೆಂಡಿನ ಮಿಲ್ಲುಗಳಿಗೆ ಹತ್ತಿ ಸಿಗದೆ ಹೋಯಿತು, ಆಗ ಬೊಂಬಾಯಿಯ ಹತ್ತಿಗೆ ಚಿನ್ನದ ಬೆಲೆ ಬಂತು. 1865ರಲ್ಲಿ ಯುದ್ಧ ಮುಗಿಯಿತು, ಬೆಲೆ ಬಿತ್ತು, ಎಷ್ಟೋ ಸಾಹುಕಾರರು ದಿವಾಳಿಯಾದರು. ಅವರಲ್ಲೊಬ್ಬರಾದ ಪ್ರೇಮ್‌ಚಂದ್ ರಾಯ್‌ಚಂದ್ ಕೊಟ್ಟ ಹಣದಲ್ಲಿ ಎದ್ದದ್ದೇ ಮುಂಬೈಯ ರಾಜಾಬಾಯಿ ಗಡಿಯಾರ ಗೋಪುರ. ಒಂದು ಭಾನುವಾರ ಲೋಕಲ್ ಹಿಡಿದು ಮಕ್ಕಳನ್ನು ಓವಲ್ ಮೈದಾನಕ್ಕೆ ಕರೆದುಕೊಂಡು ಹೋಗಿ, ಗೋಪುರ ಎದುರಿಗೇ ಕಾಣುತ್ತದೆ.

ಗುಲಾಮಗಿರಿಯನ್ನು ದಯವಿಟ್ಟು ಮುಚ್ಚಿಡಬೇಡಿ. ಆ ಹತ್ತಿ ಬಿಡಿಸಿದವರು ಯಾರು ಅಂತ ಹೇಳದೆ ಹತ್ತಿಯ ಕತೆ ಹೇಳಿದರೆ ಅದು ಅರ್ಧ ಸುಳ್ಳು. 1860ರ ಜನಗಣತಿಯಲ್ಲಿ ಲೂಸಿಯಾನಾದ ಸುಮಾರು 7 ಲಕ್ಷದ 8 ಸಾವಿರ ಜನರಲ್ಲಿ 3 ಲಕ್ಷದ 31 ಸಾವಿರ ಮಂದಿ ಗುಲಾಮರು. ಇದನ್ನು ಬರೀ ಬಾಯಲ್ಲಿ ಹೇಳಿದರೆ ಮಕ್ಕಳಿಗೆ ತಟ್ಟುವುದಿಲ್ಲ. ಮೇಜಿನ ಮೇಲೆ 30 ಹುಣಸೆ ಬೀಜ ಇಡಿ, 14 ಬೀಜ ಪಕ್ಕಕ್ಕೆ ಸರಿಸಿ, ಇಷ್ಟು ಜನರನ್ನು ಸಂತೆಯಲ್ಲಿ ದನ ಮಾರಿದ ಹಾಗೆ ಮಾರುತ್ತಿದ್ದರು ಅನ್ನಿ. ಸ್ವಲ್ಪ ಹೊತ್ತು ಸುಮ್ನೆ ಇರಿ. ಪ್ರಶ್ನೆಗಳು ಅವರಿಂದಲೇ ಬರುತ್ತವೆ. ಆದರೆ ಮಕ್ಕಳನ್ನೇ ಗುಲಾಮರನ್ನಾಗಿ ನಿಲ್ಲಿಸಿ ನಾಟಕ ಮಾತ್ರ ಆಡಿಸಬೇಡಿ, ಯಾವ ಮಗುವಿಗೂ ಆ ಅವಮಾನ ಬೇಡ.

ಎರಡನೇ ದಿನಕ್ಕೆ ರೂಬಿ ಬ್ರಿಡ್ಜಸ್ ಕತೆ ಇಟ್ಟುಕೊಳ್ಳಿ. 1960ರ ನವೆಂಬರ್‌ನಲ್ಲಿ, ಅದೇ ನ್ಯೂ ಆರ್ಲಿಯನ್ಸ್‌ನಲ್ಲಿ, 6 ವರ್ಷದ ಈ ಕಪ್ಪು ಹುಡುಗಿ ಅಲ್ಲಿಯವರೆಗೆ ಬಿಳಿಯರ ಮಕ್ಕಳಿಗಷ್ಟೇ ಇದ್ದ ಶಾಲೆಗೆ ಸೇರಿದಳು. ಹೊರಗೆ ಗುಂಪು ಕೂಗಾಡುತ್ತಿತ್ತು, ಸರ್ಕಾರಿ ಮಾರ್ಷಲ್‌ಗಳು ಕಾವಲು ಬಂದರು. ಬಿಳಿ ಪೋಷಕರು ತಮ್ಮ ಮಕ್ಕಳನ್ನು ಬಿಡಿಸಿಕೊಂಡು ಹೋದರು, ವರ್ಷವಿಡೀ ಆ ಕ್ಲಾಸಿನಲ್ಲಿ ಅವಳೊಬ್ಬಳೇ, ಜೊತೆಗೆ ಅವಳ ಟೀಚರ್.

ಇನ್ನೊಂದು ಮಾತು. ಆ ಚಿಕ್ಕಪ್ಪನಿಗೆ ವಿಡಿಯೋ ಕಾಲ್ ಮಾಡಿಸಿ. ನಮ್ಮ ಸಂಜೆ ಅವರಿಗೆ ಬೆಳಗು. ಮಿಸಿಸಿಪಿ ನದಿಯ ದಂಡೆಗೆ ಹೋಗಿ ನಿಲ್ಲಲಿ. ಹತ್ತಿ ಹಡಗು ಹತ್ತುತ್ತಿದ್ದದ್ದು ಅಲ್ಲಿಂದಲೇ, ಮಕ್ಕಳು ನೋಡಲಿ.