ಹೊಸ ಬ್ಯಾಟರಿಯೂ ಸತ್ತಾಗ

ಪ್ರಶ್ನೆ: ಎರಡು ತಿಂಗಳ ಹಿಂದೆ ಹಾಕಿಸಿದ ಬೈಕ್ ಬ್ಯಾಟರಿ ಮತ್ತೆ ಸತ್ತಿದೆ. ದಿನವೂ ಮಳೆಯಲ್ಲೇ ಆಗುಂಬೆಗೆ ಓಡಾಟ. ಇನ್ನೊಂದು ಕೊಳ್ಳಲೇ?
– ಓದುಗರು, ತೀರ್ಥಹಳ್ಳಿ

ಉತ್ತರ: ದಯವಿಟ್ಟು ಕೊಳ್ಳಬೇಡಿ, ದುಡ್ಡು ದಂಡ. ಇರುವುದನ್ನೇ ಪೂರ್ತಿ ಚಾರ್ಜ್ ಮಾಡಿಸಿ, ಅದಕ್ಕೆ ವೋಲ್ಟ್ ಅಳೆಯುವ ಮಲ್ಟಿಮೀಟರ್ ಹಿಡಿಯಿರಿ. ಎಂಜಿನ್ ನಿಂತಾಗ 12.6 ವೋಲ್ಟ್ ಆಸುಪಾಸು, ಆಕ್ಸಿಲರೇಟರ್ ಕೊಟ್ಟಾಗ 13.5ರಿಂದ 14.5 ಇರಬೇಕು. ಏರದಿದ್ದರೆ ತಪ್ಪು ಬ್ಯಾಟರಿಯದ್ದಲ್ಲ, ಅದಕ್ಕೆ ಊಟವೇ ಸಿಗುತ್ತಿಲ್ಲ. 15 ದಾಟಿದರೆ, ಬ್ಯಾಟರಿಗೆ ಹೋಗುವ ವೋಲ್ಟೇಜನ್ನು ಹತೋಟಿಯಲ್ಲಿಡುವ ರೆಗ್ಯುಲೇಟರ್ ಮೇಲೆ ಅನುಮಾನ.

ಮಲೆನಾಡಿನ ಬೈಕುಗಳಲ್ಲಿ ನಾನು ಮೊದಲು ಬಿಚ್ಚುವುದು ಎಂಜಿನ್ ಓಡುವಾಗ ಕರೆಂಟ್ ಹುಟ್ಟಿಸುವ ಮ್ಯಾಗ್ನೆಟ್ ಕಾಯಿಲ್‌ನಿಂದ ರೆಗ್ಯುಲೇಟರ್‌ಗೆ ಹೋಗುವ ವೈರುಗಳನ್ನು ಜೋಡಿಸುವ ಕಪ್ಲರ್ ಅನ್ನು. ಕಳೆದ ಆಷಾಢದಲ್ಲಿ ಶಿವಮೊಗ್ಗದ ನನ್ನ ಗ್ಯಾರೇಜಿಗೆ ಬಂದ ಒಂದು ಬೈಕಿನಲ್ಲಿ ಪಿನ್‌ಗಳಿಗೆ ಹಸಿರು ಕಿಲುಬು ಹಿಡಿದಿತ್ತು. ಒಂದರ ಸುತ್ತ ಪ್ಲಾಸ್ಟಿಕ್ ಕಂದು ತಿರುಗಿ ಕರಗಿತ್ತು. ಕಿಲುಬಷ್ಟೇ ಇದ್ದರೆ ಉಜ್ಜಿ, ಒಣಗಿಸಿ ಜೋಡಿಸಿ. ಕರಗಿದ್ದರೆ ಕಪ್ಲರ್ ಬದಲಿಸಿ. ಚೊಕ್ಕವಾಗಿದ್ದರೆ ಮಾತ್ರ ಕಾಯಿಲ್ ಪರೀಕ್ಷೆ ಮಾಡಿಸಿ.